ಕಣ್ಣಲ್ಲಿ ನೀರು: ಓಪಿಡಿ ಬಾಗಿಲಿನಿಂದ ಡಕ್ಟ್ ಟೆಸ್ಟ್‌ವರೆಗೆ

ಕಣ್ಣಲ್ಲಿ ನೀರು ಸುರಿಯುತ್ತೆ ಅಂತ ಚೀಟಿ ಮಾಡಿಸಿಕೊಂಡು ಬರುವವರಲ್ಲಿ ಬಹಳ ಮಂದಿ ಕಾರಣವನ್ನೂ ತಾವೇ ತಂದಿರುತ್ತಾರೆ. ವಯಸ್ಸಾದವರಾದರೆ ಪೊರೆ, ಕಂಪ್ಯೂಟರ್ ಮುಂದೆ ಕೂರುವವರಾದರೆ ಕನ್ನಡಕದ ನಂಬರ್, ಕೂಸಾದರೆ ದೃಷ್ಟಿ ತಾಗಿದ್ದು ಇಲ್ಲವೇ ಶೀತ. ಪೊರೆ ತಾನಾಗಿ ಕಣ್ಣೀರು ತರಿಸುವುದಿಲ್ಲ. ವರ್ಷಗಟ್ಟಲೆ ಹಾಗೇ ಬಿಟ್ಟು, ಅದು ಪೂರ್ತಿ ಬಲಿತು, ಕಣ್ಣಿನೊಳಗಿನ ಒತ್ತಡ ಏರಿದರೆ ನೀರು ಬರುವುದುಂಟು. ಆದರೆ ಆಗ ಜೊತೆಗೆ ತಡೆಯಲಾರದ ನೋವು ಇರುತ್ತದೆ, ಕಣ್ಣು ಕೆಂಡದ ಬಣ್ಣಕ್ಕೆ ತಿರುಗಿರುತ್ತದೆ. ನೋವಿಲ್ಲದೆ ಸುಮ್ಮನೆ ಕೆನ್ನೆ ಮೇಲೆ ಇಳಿಯುವ ನೀರಿಗೆ ಪೊರೆಯನ್ನು ದೂರುವುದು ತಪ್ಪು.

ನೀರು ತುಂಬಿಕೊಳ್ಳಲು ಇರುವುದು ಎರಡೇ ದಾರಿ. ಬಚ್ಚಲಲ್ಲಿ ನೀರು ನಿಂತರೆ ನಲ್ಲಿ ಜೋರಾಗಿದೆಯೋ ಮೋರಿ ಕಟ್ಟಿದೆಯೋ ಅಂತ ನೋಡುತ್ತೇವಲ್ಲ, ಇಲ್ಲೂ ಅಷ್ಟೆ. ಕಣ್ಣಾಸ್ಪತ್ರೆಯ ಓಪಿಡಿಯಲ್ಲಿ, ಅಂದರೆ ಹೊರರೋಗಿ ವಿಭಾಗದಲ್ಲಿ, ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಎಬ್ಬಿಸಿ ಎಬ್ಬಿಸಿ ಕೂರಿಸುವುದೆಲ್ಲ ಈ ಒಂದು ಪ್ರಶ್ನೆ ಬಗೆಹರಿಸುವುದಕ್ಕೆ. ಅದು ಬಗೆಹರಿಯುವ ಮುಂಚೆ ಹಾಕಿದ ಡ್ರಾಪ್ಸ್ ಕೆಲಸ ಮಾಡಿದರೆ ಅದು ಅದೃಷ್ಟ.

ಸಾಲಿನಲ್ಲಿ ನಿಲ್ಲಬಾರದವರು

ಯಾರನ್ನೂ ಕೂರಿಸುವ ಮೊದಲು ಸಾಲಿನ ಮೇಲೊಮ್ಮೆ ಕಣ್ಣಾಡಿಸುವುದು ರೂಢಿ. ಕೆಲವರನ್ನು ಅಲ್ಲಿ ಕಾಯಿಸುವಂತಿಲ್ಲ.

ಮೊದಲನೆಯವರು ಸುಣ್ಣ ಬಿದ್ದವರು. ಎಲೆಅಡಿಕೆಗೆ ಕೊಡುವ ಸುಣ್ಣದ ಪುಟ್ಟ ಪ್ಯಾಕೆಟ್ ಮಕ್ಕಳ ಕೈಗೆ ಸಿಕ್ಕರೆ ಅವರು ಅದನ್ನು ಹಿಂಡುತ್ತಾರೆ, ಅದು ಒಡೆದು ನೇರ ಮುಖಕ್ಕೆ ಚಿಮ್ಮುತ್ತದೆ. ಗೋಡೆಗೆ ಸುಣ್ಣ ಹೊಡೆಯುವಾಗ ತಲೆ ಎತ್ತಿ ನಿಂತವರ ಕಣ್ಣಿಗೂ ಹೀಗೇ ಬೀಳುತ್ತದೆ. ಸುಣ್ಣ ಕ್ಷಾರ. ಬಿದ್ದಲ್ಲೇ ನಿಲ್ಲದೆ ಒಳಪದರಕ್ಕೆ ಇಳಿಯುತ್ತಲೇ ಹೋಗುತ್ತದೆ, ಹಾಗಾಗಿ ಆಟೋ ಹುಡುಕುವುದು ಆಮೇಲೆ, ತೊಳೆಯುವುದು ಮೊದಲು. ಬಿದ್ದ ಜಾಗದಲ್ಲೇ, ಸಿಕ್ಕಿದ ಶುದ್ಧ ನೀರಿನಲ್ಲಿ, ಕನಿಷ್ಠ ಅರ್ಧ ಗಂಟೆ ತೊಳೆಯಬೇಕು. ಎರಡೂ ರೆಪ್ಪೆಯನ್ನು ಬೆರಳಲ್ಲಿ ಬಿಡಿಸಿ ಹಿಡಿದು, ಕೆಟ್ಟ ನೀರು ಇನ್ನೊಂದು ಕಣ್ಣಿಗೆ ಹೋಗದಂತೆ ತಲೆಯನ್ನು ಪೆಟ್ಟಾದ ಕಣ್ಣಿನ ಕಡೆಗೆ ವಾಲಿಸಿ, ಗುಡ್ಡೆಯನ್ನು ಮೇಲೆ ಕೆಳಗೆ ಆಡಿಸುತ್ತಾ ನೀರು ಬಿಡಬೇಕು. ಮಗು ಕಿರುಚುತ್ತದೆ, ಇಬ್ಬರು ಹಿಡಿಯಬೇಕಾಗುತ್ತದೆ. ಕ್ಷಾರಕ್ಕೆ ಹುಳಿ ಅಂತ ನಿಂಬೆರಸ ಹಿಂಡಿ ತರುವವರಿದ್ದಾರೆ. ಅದು ಎರಡನೇ ಸುಡುಗಾಯ. ಹಾಲು, ಎಣ್ಣೆ, ಜೇನು ಕೂಡ ಬೇಡ.

ಎರಡನೆಯವರು ಒಂದು ಕೈಯಲ್ಲಿ ಕಣ್ಣು, ಇನ್ನೊಂದರಲ್ಲಿ ಹಣೆ ಒತ್ತಿ ಹಿಡಿದು ಬಂದವರು. ಕಣ್ಣು ಕೆಂಪು, ದೀಪದ ಸುತ್ತ ಕಾಮನಬಿಲ್ಲಿನಂಥ ಬಳೆ ಕಾಣುತ್ತಿದೆ, ದೃಷ್ಟಿ ಮಂಜು, ಜೊತೆಗೆ ವಾಂತಿ. ವಾಂತಿ ಇರುವುದರಿಂದ ಪಿತ್ತ ಅಂತಲೋ ಅರ್ಧ ತಲೆನೋವು ಅಂತಲೋ ಇಡೀ ರಾತ್ರಿ ಕಳೆದಿರುತ್ತಾರೆ. ಅದು ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಕೆಡುವ ರೋಗ, ಒಮ್ಮೆಲೇ ಎರಗಿದ ಸ್ಥಿತಿ ಇರಬಹುದು. ತಡವಾದಷ್ಟೂ ದೃಷ್ಟಿನರ ಸಾಯುತ್ತದೆ, ಸತ್ತ ನರ ಮತ್ತೆ ಬದುಕುವುದಿಲ್ಲ.

ಮೂರನೆಯವರು ಹೊಲದಿಂದ ಬಂದವರು. ಭತ್ತದ ಗರಿ, ಕಬ್ಬಿನ ಸೋಗೆ, ಒಕ್ಕಣೆಯಲ್ಲಿ ಹಾರಿದ ಕಾಳು ಕಣ್ಣಿಗೆ ತಾಗಿ ಎರಡು ಮೂರು ದಿನ ಆಗಿರುತ್ತದೆ. ನೀರು, ನೋವು, ಬೆಳಕು ನೋಡಲಾಗದು. ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಹುಣ್ಣು. ಗಿಡದಿಂದ ಗಾಯವಾದಾಗ ಆ ಹುಣ್ಣಿನಲ್ಲಿ ಶಿಲೀಂಧ್ರ ಇರುವ ಸಂಭವ ಹೆಚ್ಚು, ವಾರಗಟ್ಟಲೆ ಔಷಧ ಬೇಕಾಗುತ್ತದೆ. ಮೆಡಿಕಲ್ ಸ್ಟೋರಿನಿಂದ ಕೇಳಿ ತಂದ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿದರೆ ಒಂದೆರಡು ದಿನ ಕೆಂಪು ಇಳಿದು ಹಾಯೆನಿಸುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತದೆ.

ಇವರ ಜೊತೆಗೇ ಮುಂದಕ್ಕೆ ಕರೆಯಬೇಕಾದವರು: ಕಬ್ಬಿಣಕ್ಕೆ ಸುತ್ತಿಗೆ ಹೊಡೆಯುವಾಗಲೋ ಗ್ರೈಂಡಿಂಗ್ ಮಾಡುವಾಗಲೋ ಚೂರು ಹಾರಿದವರು, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಲ್ಲಿ ನೋವಿನ ಜೊತೆ ನೀರು ಬರುವವರು, ದೃಷ್ಟಿ ಥಟ್ಟನೆ ಕುಗ್ಗಿದವರು, ಮೂಗಿನ ಪಕ್ಕ ಕೆಂಪಗೆ ಊದಿ ಜ್ವರ ಬಂದವರು, ಹುಟ್ಟಿ ತಿಂಗಳಾಗದ ಕೂಸಿನ ಕಣ್ಣು ಊದಿ ಕೀವು ಸುರಿಯುತ್ತಿರುವುದು. ಇವರೆಲ್ಲ ಅವತ್ತೇ ಕಣ್ಣಿನ ಡಾಕ್ಟರ ಮುಂದೆ ಕೂರಬೇಕು, ಭಾನುವಾರವಾದರೂ ಸರಿ. ಜಿಲ್ಲಾಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗ ಇದೆ. ಬೆಂಗಳೂರಿನವರಾದರೆ ಚಾಮರಾಜಪೇಟೆಯ ಮಿಂಟೋ ಕಣ್ಣಾಸ್ಪತ್ರೆ ಇದೆ.

ಕೇಳುವ ಪ್ರಶ್ನೆಗಳು

ಉಳಿದವರಿಗೆ ಅವಸರವಿಲ್ಲ. ಅವರಿಗೆ ಬೇಕಿರುವುದು ಸರಿಯಾದ ಪ್ರಶ್ನೆ. "ಒಂದೇ ಕಣ್ಣಾ, ಎರಡೂನಾ?" ಇದರ ಉತ್ತರದಲ್ಲೇ ಅರ್ಧ ದಾರಿ ಸಾಗುತ್ತದೆ. ಅಲರ್ಜಿ, ಒಣಗಣ್ಣು ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುತ್ತವೆ. ತಿಂಗಳಾನುಗಟ್ಟಲೆ ಒಂದೇ ಕಣ್ಣಲ್ಲಿ ನೀರು ಅಂದರೆ ಕಣ್ಣೀರು ಮೂಗಿಗೆ ಇಳಿಯುವ ನಾಳ, ಕಸ, ಒಳಮುಖವಾದ ರೆಪ್ಪೆಗೂದಲು, ಈ ಮೂರನ್ನು ಹುಡುಕಿಕೊಂಡು ಹೋಗುತ್ತೇವೆ.

"ಕೆನ್ನೆ ಮೇಲೆ ಇಳಿಯುತ್ತಾ, ಕಣ್ಣಲ್ಲೇ ತುಂಬಿರುತ್ತಾ?" "ಬೈಕಿನಲ್ಲಿ ಹೋಗುವಾಗ, ಫ್ಯಾನ್ ಕೆಳಗೆ ಮಾತ್ರನಾ, ಮನೆಯೊಳಗೆ ಸುಮ್ಮನೆ ಕೂತಾಗಲೂನಾ?" ಗಾಳಿಗೆ, ಓದುವಾಗ, ಟಿವಿ ನೋಡುವಾಗ ಮಾತ್ರ ಬರುವ ನೀರು ಬಹುಮಟ್ಟಿಗೆ ಒಣಗಣ್ಣಿನದು. ಗಾಳಿಯಿರಲಿ ಬಿಡಲಿ, ಇಡೀ ದಿನ ಕರವಸ್ತ್ರ ಕೈಯಲ್ಲೇ ಇರಬೇಕು ಅನ್ನುವವರದು ನಾಳದ ಕಡೆ ಬೊಟ್ಟು ಮಾಡುತ್ತದೆ.

ಆಮೇಲೆ ಗೀಜು. ನೀರಿನಂತೆ ತೆಳ್ಳಗಿದೆಯೋ, ದಾರದಂತೆ ಎಳೆ ಬರುತ್ತದೆಯೋ, ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳುವಷ್ಟು ಹಳದಿ ಕೀವೋ? ಶಾಲೆ ಮಕ್ಕಳಲ್ಲಿ ಬೇಸಿಗೆ ಬಂತೆಂದರೆ ಕಣ್ಣು ಉಜ್ಜಿ ಉಜ್ಜಿ, ಎಳೆಯೆಳೆಯಾದ ಬಿಳಿ ಗೀಜು ಬಂದರೆ ಅದು ಅಲರ್ಜಿ. ತುರಿಕೆ ಅಂದರೆ ಅಲರ್ಜಿ, ಮರಳು ಹಾಕಿದಂತೆ ಅಂದರೆ ಒಣಗಣ್ಣು, ಕಸ ಇಲ್ಲವೇ ಕೂದಲು, ಚುಚ್ಚುವ ನೋವು ಮತ್ತು ಬೆಳಕಿಗೆ ಹೆದರಿಕೆ ಅಂದರೆ ಕರಿಗುಡ್ಡೆ ಇಲ್ಲವೇ ಅದರ ಒಳಗಿನದ್ದು. ಇದು ಕಣ್ಣಳತೆಯ ಲೆಕ್ಕ, ಯಾವಾಗಲೂ ಸರಿ ಬರುವುದಿಲ್ಲ. ಆದರೂ ಕೇಳದೆ ದೀಪ ಹಚ್ಚಿ ನೋಡುವುದಕ್ಕಿಂತ ಕೇಳಿ ನೋಡುವುದು ಮೇಲು.

ಮದ್ರಾಸ್ ಐ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಕಣ್ಣಲ್ಲಿ ಶುರುವಾಗಿ ಎರಡು ಮೂರು ದಿನದಲ್ಲಿ ಇನ್ನೊಂದಕ್ಕೆ ಬರುತ್ತದೆ, ಮನೆಯಲ್ಲಿ ಇನ್ನೊಬ್ಬರಿಗೆ ಇರುತ್ತದೆ, ಕಿವಿಯ ಮುಂದೆ ಸಣ್ಣ ಗಂಟು ಕೈಗೆ ಸಿಗಬಹುದು. ವೈರಸ್ಸಿನದು, ಎರಡು ಮೂರು ವಾರದೊಳಗೆ ತಾನೇ ಹೋಗುತ್ತದೆ. ಹರಡುವುದು ನೋಟದಿಂದಲ್ಲ, ಕೈಯಿಂದ, ಟವೆಲ್ಲಿನಿಂದ, ದಿಂಬಿನಿಂದ. ಕಪ್ಪು ಕನ್ನಡಕ ಹಾಕಿಕೊಂಡು ಅದೇ ಟವೆಲ್ಲಿನಲ್ಲಿ ಮನೆಮಂದಿಯೆಲ್ಲ ಮುಖ ಒರೆಸಿದರೆ ಏನೂ ಪ್ರಯೋಜನವಿಲ್ಲ. ಆಮೇಲೂ ದೃಷ್ಟಿ ಮಂಜಾಗಿಯೇ ಉಳಿದರೆ, ಬೆಳಕು ಚುಚ್ಚಿದರೆ ಮತ್ತೆ ತೋರಿಸಬೇಕು. ಕರಿಗುಡ್ಡೆಯ ಮೇಲೆ ಸಣ್ಣ ಕಲೆಗಳು ಬಿದ್ದಿರಬಹುದು.

ಕೊನೆಯ ಪ್ರಶ್ನೆಗೆ ಎಲ್ಲರೂ ಸ್ವಲ್ಪ ಹಿಂಜರಿಯುತ್ತಾರೆ: "ಇಲ್ಲಿವರೆಗೆ ಏನೇನು ಹಾಕಿದ್ರಿ?" ನಂದಿಬಟ್ಟಲು ಹೂವಿನ ರಸ, ಎದೆಹಾಲು, ಹರಳೆಣ್ಣೆ, ಜೇನು, ಪಕ್ಕದ ಮನೆಯವರ ಪೊರೆ ಆಪರೇಷನ್ನಿನಲ್ಲಿ ಉಳಿದ ಬಾಟಲಿ. ಮುಚ್ಚಿಡಬೇಡಿ, ನಾವು ಬೈಯುವುದಿಲ್ಲ. ಹೂವಿನ ರಸದಲ್ಲೂ ಎದೆಹಾಲಿನಲ್ಲೂ ರೋಗಾಣು ಇರಬಹುದು, ಹುಣ್ಣಿದ್ದ ಕಣ್ಣಿಗೆ ಅದು ಬಿದ್ದಿದ್ದರೆ ಕೊಡುವ ಔಷಧವೇ ಬೇರೆಯಾಗುತ್ತದೆ. ಉಳಿದ ಬಾಟಲಿ ಇನ್ನೂ ಅಪಾಯ. ಆಪರೇಷನ್ ನಂತರ ಕೊಡುವ ಡ್ರಾಪ್ಸಿನಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಾಕಿಕೊಂಡರೆ ಒತ್ತಡ ಏರಿ ಗ್ಲಾಕೋಮಾ, ಆಮೇಲೆ ಪೊರೆ. ಕೆಂಪು ಇಳಿಸುವ ಡ್ರಾಪ್ಸಿನದು ಬೇರೆ ಚಾಳಿ: ರಕ್ತನಾಳವನ್ನು ಬಿಗಿ ಮಾಡಿ ಬೆಳ್ಳಗೆ ಮಾಡುತ್ತದೆ, ಬಿಟ್ಟ ಕೂಡಲೇ ಮೊದಲಿಗಿಂತ ಕೆಂಪಾಗುತ್ತದೆ. ಹಾಕಿದ ಬಾಟಲಿಗಳನ್ನೆಲ್ಲ ಒಂದು ಕವರಿನಲ್ಲಿ ತಂದರೆ ಸಾಕು, ಹೆಸರು ನೆನಪಿಟ್ಟುಕೊಳ್ಳಬೇಕಿಲ್ಲ. ಬಿಪಿ, ಸಕ್ಕರೆ ಮಾತ್ರೆ, ಅಲರ್ಜಿ ಮಾತ್ರೆ, ಕ್ಯಾನ್ಸರ್ ಚಿಕಿತ್ಸೆಯ ಚೀಟಿ ಕೂಡ ಬೇಕು. ಅಲರ್ಜಿ ಮಾತ್ರೆ ಕಣ್ಣನ್ನು ಒಣಗಿಸುತ್ತದೆ. ಕೆಲವು ಕ್ಯಾನ್ಸರ್ ಔಷಧಗಳು, ಮುಖ್ಯವಾಗಿ ಡೋಸಿಟ್ಯಾಕ್ಸೆಲ್, ಕಣ್ಣೀರಿನ ಸಣ್ಣ ನಾಳವನ್ನೇ ಕಿರಿದಾಗಿಸುತ್ತವೆ. ನೀರು ಶುರುವಾದಾಗಲೇ ಹೇಳಿದರೆ ನಾಳ ಪೂರ್ತಿ ಮುಚ್ಚುವ ಮುಂಚೆ ಸಣ್ಣ ಕೊಳವೆ ಹಾಕಿ ಉಳಿಸಿಕೊಳ್ಳುವ ಅವಕಾಶವಿದೆ.

ದೀಪದ ಮುಂದೆ

ದೂರದ ಅಕ್ಷರ ಓದಿಸಿದ ಮೇಲೆ ಸ್ಲಿಟ್ ಲ್ಯಾಂಪಿಗೆ, ಅಂದರೆ ಕಣ್ಣನ್ನು ದೊಡ್ಡದಾಗಿ ತೋರಿಸುವ ದೀಪದ ಯಂತ್ರಕ್ಕೆ, ಗಲ್ಲ ಇಡಿಸುತ್ತೇವೆ. ಗುಡ್ಡೆ ನೋಡುವ ಮೊದಲು ರೆಪ್ಪೆಯ ಅಂಚು. ಒಳಮುಖವಾಗಿ ಬೆಳೆದ ಒಂದೇ ಒಂದು ಕೂದಲು, ಅದೂ ಬಣ್ಣವಿಲ್ಲದ ನವಿರು ಕೂದಲು, ಟಾರ್ಚಿನಲ್ಲಿ ಕಾಣುವುದಿಲ್ಲ. ದಿನವಿಡೀ ಕರಿಗುಡ್ಡೆಯನ್ನು ಉಜ್ಜುತ್ತಿರುತ್ತದೆ. ಚಿಮಟದಲ್ಲಿ ಕಿತ್ತರೆ ತಕ್ಷಣ ಹಾಯೆನಿಸುತ್ತದೆ, ಆದರೆ ಒಂದು ಒಂದೂವರೆ ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಮನೆಯಲ್ಲಿ ಅರ್ಧಕ್ಕೆ ತುಂಡಾಗುವಂತೆ ಕಿತ್ತರೆ ಉಳಿದ ಮೋಟು ಕೂದಲು ಇನ್ನೂ ಜೋರಾಗಿ ಚುಚ್ಚುತ್ತದೆ. ಪದೇ ಪದೇ ಬರುವ ಕೂದಲಿಗೆ ಬುಡ ಸುಡುವ ಚಿಕಿತ್ಸೆ ಇದೆ.

ವಯಸ್ಸಾದವರಲ್ಲಿ ಕೆಳರೆಪ್ಪೆ ಜೋತುಬಿದ್ದು ಹೊರಕ್ಕೆ ಮಗುಚಿರುತ್ತದೆ, ಇಲ್ಲವೇ ಒಳಕ್ಕೆ ಸುರುಳಿ ಸುತ್ತಿರುತ್ತದೆ. ಮೂಗಿನ ಕಡೆಯ ಮೂಲೆಯಿಂದ ಸುಮಾರು 6 ಮಿ.ಮೀ. ದೂರದಲ್ಲಿ, ಮೇಲೊಂದು ಕೆಳಗೊಂದು, ಸೂಜಿ ಮೊನೆಯಷ್ಟು ರಂಧ್ರಗಳಿವೆ. ಅಗಲ 0.3 ಮಿ.ಮೀ. ಆಸುಪಾಸು. ಕಣ್ಣೀರು ಹೊರಗೆ ಹೋಗುವುದು ಇವುಗಳ ಮೂಲಕ. ಕೆಳರೆಪ್ಪೆ ಹೊರಕ್ಕೆ ತಿರುಗಿದರೆ ಈ ರಂಧ್ರ ನೀರಿಗೆ ತಾಗುವುದೇ ಇಲ್ಲ. ಒಂದು ಉಪಾಯ ಹೇಳುತ್ತೇವೆ: ನೀರು ಒರೆಸುವಾಗ ರೆಪ್ಪೆಯನ್ನು ಕೆಳಕ್ಕೆ, ಹೊರಕ್ಕೆ ಎಳೆಯಬೇಡಿ, ಮೂಗಿನ ಕಡೆಗೆ ಮೇಲ್ಮುಖವಾಗಿ ಒತ್ತಿ. ವರ್ಷಗಟ್ಟಲೆ ಕೆಳಕ್ಕೆ ಎಳೆದು ಒರೆಸಿದವರಿಗೆ ಜೋತುಬಿದ್ದಿದ್ದು ಇನ್ನೂ ಜೋತುಬೀಳುತ್ತದೆ. ಮುಖದ ಪಾರ್ಶ್ವವಾಯು ಆದವರಲ್ಲೂ ಇದೇ ತೊಂದರೆ, ಅದರ ಮೇಲೆ ಕಣ್ಣು ಪೂರ್ತಿ ಮುಚ್ಚದೆ ಗುಡ್ಡೆ ಒಣಗುವುದು ಬೇರೆ. ಅವರಿಗೆ ಹಗಲು ಕೃತಕ ಕಣ್ಣೀರು, ರಾತ್ರಿ ಆಯಿಂಟ್‌ಮೆಂಟ್ ಹಾಕಿ ರೆಪ್ಪೆ ಮುಚ್ಚಿ ಟೇಪ್.

ಕಸ ಬಿದ್ದಿದೆ ಅನ್ನುವವರ ಮೇಲ್ರೆಪ್ಪೆಯನ್ನು ಮಗುಚಿ ನೋಡದೆ ಕಳಿಸಬಾರದು. "ಕೆಳಗೆ ನೋಡಿ ಸಾರ್, ಕೆಳಗೇ ನೋಡ್ತಿರಿ" ಅನ್ನುತ್ತಾ ಕೂದಲು ಹಿಡಿದು ಎಳೆದು, ಹತ್ತಿಯ ಕಡ್ಡಿಯ ಮೇಲೆ ರೆಪ್ಪೆ ಮಡಚಿದರೆ, ಅಂಚಿನಿಂದ ಎರಡು ಮಿ.ಮೀ. ಒಳಗೆ ಒಂದು ಸಣ್ಣ ಗೀರು ಇದೆ, ಕಸ ಅಲ್ಲೇ ಕೂತಿರುತ್ತದೆ. ರಾಗಿ ಹೊಟ್ಟಿನ ಚೂರೋ, ಹುಳದ ರೆಕ್ಕೆಯೋ. ಕಣ್ಣು ಮಿಟುಕಿಸಿದಾಗಲೆಲ್ಲ ಗುಡ್ಡೆಯ ಮೇಲೆ ನೇರ ಗೆರೆ ಎಳೆಯುತ್ತದೆ. ಬಣ್ಣ ಹಾಕಿ ನೋಡಿದಾಗ ಕರಿಗುಡ್ಡೆಯ ಮೇಲ್ಭಾಗದಲ್ಲಿ ಮೇಲಿಂದ ಕೆಳಕ್ಕೆ ಗೀಚಿದ ಹಸಿರು ಗೆರೆಗಳು ಕಂಡರೆ ಕಸ ರೆಪ್ಪೆಯೊಳಗಿದೆ ಅಂತಲೇ ಅರ್ಥ.

ಆ ಬಣ್ಣ ಫ್ಲೋರೆಸಿನ್. ಕಿತ್ತಳೆ ಬಣ್ಣದ ಕಾಗದದ ಪಟ್ಟಿ. ತುದಿಯನ್ನು ಒಂದು ಹನಿ ಸಲೈನ್‌ನಲ್ಲಿ ನೆನೆಸಿ ಕೆಳರೆಪ್ಪೆಯ ಒಳಗೆ ತಾಗಿಸಿ ನೀಲಿ ಬೆಳಕು ಬಿಟ್ಟರೆ ಕಣ್ಣೀರೆಲ್ಲ ಹಸಿರಾಗಿ ಹೊಳೆಯುತ್ತದೆ. ಆಮೇಲೆ ಮುಖ ತೊಳೆಯುವವರೆಗೆ ಕರವಸ್ತ್ರ ಹಳದಿಯಾಗುತ್ತದೆ, ಗಾಬರಿ ಬೇಡ. ಇದರಿಂದ ಮೂರು ವಿಷಯ ತಿಳಿಯುತ್ತದೆ. ಗಾಯವಿದ್ದ ಜಾಗ ಹಸಿರಾಗಿ ಎದ್ದು ಕಾಣುತ್ತದೆ. ಮಿಟುಕಿಸದೆ ಕೂತರೆ ಹಸಿರು ಪದರ ಎಷ್ಟು ಸೆಕೆಂಡಿಗೆ ಒಡೆದು ಕಪ್ಪು ತೇಪೆ ಬೀಳುತ್ತದೆ ಅಂತ ಎಣಿಸಬಹುದು. 10 ಸೆಕೆಂಡಿಗಿಂತ ಬೇಗ ಒಡೆದರೆ ಪದರ ಗಟ್ಟಿಯಿಲ್ಲ. ಮತ್ತು 5 ನಿಮಿಷ ಬಿಟ್ಟು ನೋಡಿದಾಗ ಬಣ್ಣ ಹಾಗೇ ನಿಂತಿದ್ದರೆ ಹೊರದಾರಿ ಸರಿಯಿಲ್ಲ. ಎರಡೂ ಕಣ್ಣಿಗೆ ಹಾಕಿ ಹೋಲಿಸಬೇಕು.

ಒಣಗಿದ ಕಣ್ಣಲ್ಲಿ ನೀರೇಕೆ

"ಕಣ್ಣು ಒಣಗಿದೆ" ಅಂದರೆ ಒಪ್ಪಿಕೊಳ್ಳುವವರು ಕಡಿಮೆ. ಎದುರಿಗೇ ಕೆನ್ನೆ ಮೇಲೆ ನೀರು ಇಳಿಯುತ್ತಿರುತ್ತದೆ, ಒಣಗಿದೆ ಅಂದರೆ ಯಾರು ನಂಬುತ್ತಾರೆ?

ಕಣ್ಣೀರು ಬರೀ ನೀರಲ್ಲ. ಗುಡ್ಡೆಗೆ ಅಂಟಿಕೊಂಡಿರಲು ಲೋಳೆ, ಅದರ ಮೇಲೆ ನೀರು, ಆರದಂತೆ ಅದರ ಮೇಲೆ ಎಣ್ಣೆ. ಎಣ್ಣೆ ಬರುವುದು ರೆಪ್ಪೆಯ ಅಂಚಿನ ಸಣ್ಣ ಗ್ರಂಥಿಗಳ ಸಾಲಿನಿಂದ. ಅವು ಕಟ್ಟಿಕೊಂಡರೆ ಎಣ್ಣೆ ಟೂತ್‌ಪೇಸ್ಟಿನಂತೆ ಗಟ್ಟಿಯಾಗುತ್ತದೆ, ನೀರು ಬೇಗ ಆರುತ್ತದೆ, ಗುಡ್ಡೆಯ ನರಗಳಿಗೆ ಉರಿ ತಗಲುತ್ತದೆ. ಉರಿ ಹತ್ತಿದ ಕೂಡಲೇ ದೊಡ್ಡ ಕಣ್ಣೀರಿನ ಗ್ರಂಥಿ ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರು ಎಣ್ಣೆಯಿಲ್ಲದ ಬರಿ ನೀರು, ನಿಲ್ಲದೆ ಕೆನ್ನೆಗೆ ಇಳಿದು ಹೋಗುತ್ತದೆ, ಕಣ್ಣು ಮತ್ತೆ ಒಣಗುತ್ತದೆ. ಮೊಬೈಲ್ ನೋಡುವಾಗ ಮಿಟುಕಿಸುವುದೇ ಕಡಿಮೆಯಾಗುವುದರಿಂದ ಈ ಚಕ್ರ ಇನ್ನೂ ಬೇಗ ತಿರುಗುತ್ತದೆ.

ಖಾತರಿ ಮಾಡಿಕೊಳ್ಳಲು ಶರ್ಮರ್ ಪಟ್ಟಿ ಇಡುತ್ತೇವೆ. 35 ಮಿ.ಮೀ. ಉದ್ದದ ಹೀರುಕಾಗದ, ತುದಿ 5 ಮಿ.ಮೀ. ಮಡಚಿ ಕೆಳರೆಪ್ಪೆಯ ಹೊರಮೂಲೆ ಕಡೆಗೆ ಸಿಕ್ಕಿಸಿ 5 ನಿಮಿಷ. 15 ಮಿ.ಮೀ. ಮೀರಿ ಒದ್ದೆಯಾದರೆ ನೀರಿಗೆ ಕೊರತೆಯಿಲ್ಲ, 5ಕ್ಕಿಂತ ಕಡಿಮೆಯಾದರೆ ಗಂಭೀರ. ಪಟ್ಟಿ ಚುಚ್ಚಿದ್ದಕ್ಕೇ ನೀರು ಬಂದು ಲೆಕ್ಕ ತಪ್ಪುವುದೂ ಉಂಟು, ಹಾಗಾಗಿ ಇದೊಂದನ್ನೇ ನಂಬುವುದಿಲ್ಲ. ಎಣ್ಣೆಯ ಕೊರತೆ ಇರುವವರಲ್ಲಿ ಪಟ್ಟಿ ಪೂರ್ತಿ ಒದ್ದೆಯಾದರೂ ಕಣ್ಣು ಒಣಗಣ್ಣೇ.

ಇದಕ್ಕೆ ಮನೆಯಲ್ಲಿ ಮಾಡುವ ಕೆಲಸವೇ ದೊಡ್ಡದು. ಶುಭ್ರ ಬಟ್ಟೆಯನ್ನು ಕೈ ತಾಳುವಷ್ಟು ಬಿಸಿಯ ನೀರಲ್ಲಿ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ 5ರಿಂದ 10 ನಿಮಿಷ. ಬಟ್ಟೆ ಒಂದೆರಡು ನಿಮಿಷಕ್ಕೇ ಆರುತ್ತದೆ, ಮತ್ತೆ ಮತ್ತೆ ಅದ್ದಬೇಕು; ಬಹಳ ಜನ ಸೋಲುವುದು ಇಲ್ಲೇ. ಆಮೇಲೆ ಬೆರಳಿಂದ ಮೇಲ್ರೆಪ್ಪೆಯನ್ನು ಕೆಳಮುಖವಾಗಿ, ಕೆಳರೆಪ್ಪೆಯನ್ನು ಮೇಲ್ಮುಖವಾಗಿ ನಯವಾಗಿ ಸವರಿ, ಅಂಚಿನ ಹೊಟ್ಟನ್ನು ಒದ್ದೆ ಹತ್ತಿಯಿಂದ ಒರೆಸಬೇಕು. ದಿನಕ್ಕೆರಡು ಬಾರಿ, ವಾರಗಟ್ಟಲೆ. ಕೃತಕ ಕಣ್ಣೀರು ದಿನಕ್ಕೆ ನಾಲ್ಕು ಬಾರಿಗಿಂತ ಹೆಚ್ಚು ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ ತೆಗೆದುಕೊಳ್ಳಿ. ಒಂದೇ ಹನಿ ಸಾಕು. ಬಾಟಲಿಯ ಒಂದು ಹನಿ 30ರಿಂದ 50 ಮೈಕ್ರೋಲೀಟರ್, ಕಣ್ಣಲ್ಲಿ ಸದಾ ಇರುವ ನೀರು 7 ಮೈಕ್ರೋಲೀಟರ್ ಆಸುಪಾಸು. ಎರಡನೇ ಹನಿ ಮೊದಲನೆಯದನ್ನು ತೊಳೆದುಕೊಂಡು ಕೆನ್ನೆಗೆ ಹೋಗುತ್ತದೆ.

ಡಕ್ಟ್ ಟೆಸ್ಟ್

ಇದಿಷ್ಟರಲ್ಲೂ ಕಾರಣ ಸಿಗದಿದ್ದರೆ, ಅಥವಾ ಬಣ್ಣ ನಿಂತೇ ಇದ್ದರೆ, ಮೋರಿಯ ಕಡೆ ತಿರುಗುತ್ತೇವೆ. ಪೊರೆ ಆಪರೇಷನ್ನಿಗೆ ಹೋದವರಿಗೆ ಈ ಪರೀಕ್ಷೆ ಗೊತ್ತಿರುತ್ತದೆ. ಕಣ್ಣೀರಿನ ಚೀಲದಲ್ಲಿ ಕೀವು ಇಟ್ಟುಕೊಂಡು ಕಣ್ಣು ಕೊಯ್ದರೆ ಅದು ಒಳಗೆ ಸೇರಿ ಕಣ್ಣೇ ಹೋಗಬಹುದು ಅನ್ನುವ ಕಾರಣಕ್ಕೆ ಕ್ಯಾಂಪಿನಲ್ಲೂ ಮೊದಲು ಡಕ್ಟ್, ಅಂದರೆ ಕಣ್ಣೀರಿನ ನಾಳ, ನೋಡುತ್ತಾರೆ.

ಸೂಜಿಗೆ ಮುಂಚೆ ಬೆರಳು. ಕಣ್ಣಿನ ಒಳಮೂಲೆ ಮತ್ತು ಮೂಗಿನ ಎಲುಬಿನ ನಡುವಿನ ತಗ್ಗಿನಲ್ಲಿ ಕಣ್ಣೀರಿನ ಚೀಲವಿದೆ. ಅಲ್ಲಿ ಒತ್ತಿದಾಗ ರಂಧ್ರದಿಂದ ಕೀವೋ ಲೋಳೆಯೋ ಹಿಂದಕ್ಕೆ ಬಂದರೆ ನಾಳ ಕೆಳಗೆ ಕಟ್ಟಿದೆ. ಅವರಿಗೆ ಮುಂದಿನ ಪರೀಕ್ಷೆಯ ಅಗತ್ಯವೇ ಕಡಿಮೆ. ಕೈ ತೊಳೆದು ಕನ್ನಡಿ ಮುಂದೆ ನೀವೂ ಇದನ್ನು ನೋಡಿಕೊಳ್ಳಬಹುದು. ಆದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಒತ್ತಬಾರದು, ನಾವೂ ಸೂಜಿ ಹಾಕುವುದಿಲ್ಲ. ಮೊದಲು ಆಂಟಿಬಯೋಟಿಕ್, ಊತ ಇಳಿದ ಮೇಲೆ ಉಳಿದದ್ದು. ಗಂಟು ಕಣ್ಣಿನ ಮೂಲೆಯ ಮಟ್ಟಕ್ಕಿಂತ ಮೇಲಕ್ಕೆ ಬೆಳೆದಿದ್ದರೆ, ಕಲ್ಲಿನಂತೆ ಗಟ್ಟಿಯಿದ್ದರೆ, ನೀರಿನಲ್ಲಿ ರಕ್ತವಿದ್ದರೆ ಸ್ಕ್ಯಾನ್ ಮಾಡಿಸದೆ ಬಿಡುವಂತಿಲ್ಲ, ಗೆಡ್ಡೆ ಇರಬಹುದು.

ಇನ್ನು ಟೆಸ್ಟ್. ಮರಗಟ್ಟಿಸುವ ಡ್ರಾಪ್ಸ್ ಹಾಕಿ ಒಂದೆರಡು ನಿಮಿಷ ಬಿಡುತ್ತೇವೆ. ಮೊದಲ ಹನಿ ಉರಿಯುತ್ತದೆ, ಎರಡನೆಯದು ಗೊತ್ತಾಗುವುದಿಲ್ಲ. ಒಂದು ಸಿರಿಂಜಿನಲ್ಲಿ ಸಲೈನ್, ಮುಂದೆ ಮೊನೆಯಿಲ್ಲದ ಮೊಂಡು ಸೂಜಿ. ಸೂಜಿ ಅಂದಕೂಡಲೇ ಕಣ್ಣಿಗೆ ಚುಚ್ಚುತ್ತಾರೆ ಅಂತ ಹೆದರುವವರಿಗೆ ಅದನ್ನು ಕೈ ಮೇಲೆ ಒತ್ತಿ ತೋರಿಸಿದರೆ ಧೈರ್ಯ ಬರುತ್ತದೆ. ಮಲಗಿಸಿ ಮಾಡುವುದು ಒಳ್ಳೆಯದು. ಕೂತಲ್ಲೇ ಬೆವರಿ ತಲೆಸುತ್ತಿ ಬೀಳುವವರಿದ್ದಾರೆ.

ರಂಧ್ರ ಕಿರಿದಿದ್ದರೆ ಮೊದಲು ಡೈಲೇಟರ್ ತಿರುಗಿಸಿ ಅಗಲ ಮಾಡಬೇಕು. ಸೂಜಿಯನ್ನು 2 ಮಿ.ಮೀ. ನೇರ ಕೆಳಕ್ಕೆ ಇಳಿಸಿ, ಕೆಳರೆಪ್ಪೆಯನ್ನು ಕಿವಿಯ ಕಡೆಗೆ ಬಿಗಿಯಾಗಿ ಎಳೆದು ಹಿಡಿದು, ಅಡ್ಡಕ್ಕೆ ತಿರುಗಿಸಿ ಮೂಗಿನ ಕಡೆಗೆ ಜಾರಿಸಬೇಕು. ರೆಪ್ಪೆ ಸಡಿಲ ಬಿಟ್ಟರೆ ಒಳಗಿನ ಗೋಡೆ ಸುಕ್ಕಾಗಿ ಸೂಜಿ ಸಿಕ್ಕಿಕೊಳ್ಳುತ್ತದೆ. ಆಗ ಬಲ ಹಾಕಿದರೆ ಗೋಡೆ ಹರಿದು ಹೊಸ ದಾರಿಯಾಗುತ್ತದೆ, ಬಿಟ್ಟ ಸಲೈನ್ ರೆಪ್ಪೆಯೊಳಗೆ ತುಂಬಿ ಊದುತ್ತದೆ. ಹರಿದ ನಾಳ ವಾಸಿಯಾಗುವಾಗ ಕಲೆಗಟ್ಟಿ ಮುಚ್ಚಿಕೊಳ್ಳಬಹುದು. ಅಡ್ಡಿ ಸಿಕ್ಕರೆ ಹಿಂದಕ್ಕೆ ತೆಗೆದು ಮತ್ತೆ ಹಾಕಬೇಕು, ತಳ್ಳಬಾರದು.

ಮೆಲ್ಲಗೆ ಸಲೈನ್ ಬಿಡುತ್ತಾ ಕೇಳುತ್ತೇವೆ:

"ಅಮ್ಮಾ, ಗಂಟಲಿಗೆ ಉಪ್ಪು ಬಂತಾ?"

"ಇಲ್ಲಪ್ಪಾ."

"ಈಗ?"

"ಹ್ಞೂಂ, ಬಂತು ಬಂತು, ಉಪ್ಪುಪ್ಪು."

ಉಪ್ಪು ಬಂತು ಅಂದರೆ ದಾರಿ ತೆರೆದಿದೆ. ಸುಮ್ಮನೆ ತಲೆಯಾಡಿಸುವವರಿದ್ದಾರೆ, ಅದಕ್ಕೇ ನುಂಗುತ್ತಾರಾ ಅಂತ ಗಂಟಲನ್ನೂ ನೋಡುತ್ತೇವೆ. ಹಾಕಿದ ರಂಧ್ರದಿಂದಲೇ ನೀರು ವಾಪಸ್ ಬಂದು, ಸೂಜಿಯ ತುದಿಗೆ ಮೆತ್ತಗೆ ಸ್ಪಂಜಿನಂತೆ ತಡೆ ಸಿಕ್ಕರೆ ಸಣ್ಣ ನಾಳದಲ್ಲೇ ಅಡ್ಡಿ. ಸೂಜಿ ಎಲುಬಿಗೆ ತಾಗಿ ಗಟ್ಟಿಯಾಗಿ ನಿಂತು, ನೀರು ಮೇಲಿನ ರಂಧ್ರದಿಂದ ಬಂದರೆ ಚೀಲದವರೆಗೆ ದಾರಿಯಿದೆ, ಮೂಗಿಗೆ ಇಳಿಯುವ ನಾಳ ಕಟ್ಟಿದೆ. ಜೊತೆಗೆ ಲೋಳೆ ಬಂದರೆ ಸಂಶಯವೇ ಇಲ್ಲ. ಸ್ವಲ್ಪ ಗಂಟಲಿಗೆ, ಸ್ವಲ್ಪ ವಾಪಸ್ ಅಂದರೆ ಅರ್ಧ ಕಟ್ಟಿದೆ. ದಾರಿ ಪೂರ್ತಿ ತೆರೆದಿದ್ದೂ ನೀರು ನಿಲ್ಲದವರೂ ಇದ್ದಾರೆ. ಸಿರಿಂಜಿನ ಒತ್ತಡಕ್ಕೆ ಇಳಿಯುವ ನೀರು ಬರೀ ರೆಪ್ಪೆಯ ಮಿಟುಕಿಗೆ ಇಳಿಯದಿರಬಹುದು. ಅವರಲ್ಲಿ ರೆಪ್ಪೆಯ ಬಿಗಿ ಮತ್ತು ಒಣಗಣ್ಣನ್ನು ಇನ್ನೊಮ್ಮೆ ನೋಡುತ್ತೇವೆ.

"ಹಾಗೇ ಕ್ಲೀನ್ ಮಾಡಿಬಿಡಿ, ತಿಂಗಳಿಗೊಮ್ಮೆ ಬಂದು ಮಾಡಿಸ್ಕೊಳ್ತೀನಿ" ಅನ್ನುತ್ತಾರೆ. ದೊಡ್ಡವರಲ್ಲಿ ಕಟ್ಟಿದ ನಾಳ ಸಿರಿಂಜಿನಿಂದ ಬಿಡುವುದಿಲ್ಲ. ಇದು ಪರೀಕ್ಷೆ, ಚಿಕಿತ್ಸೆಯಲ್ಲ.

ಕೂಸುಗಳ ವಿಷಯ ಬೇರೆ

ಹುಟ್ಟಿದ ಮೊದಲ ಕೆಲವು ವಾರ ಕೂಸು ಅತ್ತರೂ ಕಣ್ಣೀರು ಕಾಣುವುದಿಲ್ಲ. ಆಮೇಲೆ ಒಂದು ಕಣ್ಣು ಸದಾ ಒದ್ದೆ, ಬೆಳಿಗ್ಗೆ ಗೀಜು, ಆದರೆ ಗುಡ್ಡೆ ಬೆಳ್ಳಗೆ ಇದ್ದರೆ, ಮೂಗಿನೊಳಗೆ ನಾಳ ತೆರೆಯುವಲ್ಲಿರುವ ತೆಳು ಪದರ ಇನ್ನೂ ಹರಿದಿಲ್ಲ ಅಂತ. ಹತ್ತರಲ್ಲಿ ಒಂಬತ್ತರಷ್ಟು ಕೂಸುಗಳಲ್ಲಿ ವರ್ಷ ತುಂಬುವುದರೊಳಗೆ ತಾನೇ ಸರಿಹೋಗುತ್ತದೆ. ಮಸಾಜ್ ಅದಕ್ಕೆ ನೆರವು, ಆದರೆ ತೋರಿಸಿಕೊಟ್ಟ ಮೇಲೂ ಬಹಳ ಮಂದಿ ಮೂಗನ್ನು ಸವರುತ್ತಾರೆ ಅಷ್ಟೆ. ಉಗುರು ಕತ್ತರಿಸಿ ಕೈ ತೊಳೆದು, ಕಿರುಬೆರಳಿನ ತುದಿಯನ್ನು ಕಣ್ಣಿನ ಒಳಮೂಲೆಯ ತಗ್ಗಿನಲ್ಲಿ ಇಟ್ಟು, ಎಲುಬಿನ ಕಡೆಗೆ ಒತ್ತಬೇಕು, ಒತ್ತಿದ ಬೆರಳನ್ನು ಎತ್ತದೆ ಮೂಗಿನ ಪಕ್ಕದಲ್ಲಿ ಕೆಳಕ್ಕೆ ಎಳೆಯಬೇಕು. ಒಮ್ಮೆಗೆ ಹತ್ತು ಸಲ, ದಿನಕ್ಕೆ ನಾಲ್ಕು ಬಾರಿ. ಹಾಲು ಕುಡಿಸುವಾಗ ಮಾಡಿದರೆ ಮರೆಯುವುದಿಲ್ಲ. ಕಾಡಿಗೆ ಹಚ್ಚಬೇಡಿ. ವರ್ಷ ಕಳೆದರೂ ನಿಲ್ಲದಿದ್ದರೆ ಅರಿವಳಿಕೆ ಕೊಟ್ಟು, ಸಣ್ಣ ಕಡ್ಡಿ ಹಾಯಿಸಿ ಆ ಪದರ ಬಿಡಿಸುತ್ತಾರೆ. ತೀರಾ ತಡ ಮಾಡಿದಷ್ಟೂ ಅದು ಒಮ್ಮೆಗೆ ಫಲಿಸುವುದು ಕಡಿಮೆಯಾಗುತ್ತದೆ.

ಆದರೆ ನೀರಿನ ಜೊತೆ ಬೆಳಕು ಕಂಡರೆ ಕೂಸು ಮುಖ ಹುದುಗಿಸುತ್ತಿದ್ದರೆ, ಕಣ್ಣು ಬಿಗಿದು ಮುಚ್ಚುತ್ತಿದ್ದರೆ, ಕರಿಗುಡ್ಡೆ ಮಸುಕಾಗಿ ದೊಡ್ಡದಾಗಿ ಕಂಡರೆ ಮಸಾಜ್ ಮಾಡುತ್ತಾ ಕೂರಬಾರದು. "ಎಷ್ಟು ದೊಡ್ಡ ಕಣ್ಣು, ಎಷ್ಟು ಚೆಂದ" ಅಂತ ನೆಂಟರು ಹೊಗಳುತ್ತಿರುವ ಆ ಕಣ್ಣು ಹುಟ್ಟು ಗ್ಲಾಕೋಮಾದಿಂದ ಹಿಗ್ಗುತ್ತಿರಬಹುದು. ಅದಕ್ಕೆ ಆಪರೇಷನ್ನೇ ದಾರಿ, ಅದೂ ಬೇಗ.

ಡಿಸಿಆರ್

ದೊಡ್ಡವರಲ್ಲಿ ನಾಳ ಕಟ್ಟುವುದು ನಲವತ್ತು ದಾಟಿದ ಹೆಂಗಸರಲ್ಲಿ ಹೆಚ್ಚು, ಅವರ ಎಲುಬಿನ ಕಾಲುವೆಯೇ ಕಿರಿದು. ಚಿಕಿತ್ಸೆ ಡಿಸಿಆರ್. ಕಟ್ಟಿದ ನಾಳವನ್ನು ಬಿಟ್ಟು, ಚೀಲ ಮತ್ತು ಮೂಗಿನ ನಡುವಿನ ಎಲುಬಿನಲ್ಲಿ ಕಿಂಡಿ ಕೊರೆದು ಚೀಲವನ್ನು ನೇರ ಮೂಗಿಗೆ ತೆರೆಯುವುದು. ಹೊರಗಿನಿಂದ ಮಾಡಿದರೆ ಮೂಗಿನ ಪಕ್ಕ ಸಣ್ಣ ಹೊಲಿಗೆ, ಎಂಡೋಸ್ಕೋಪಿನಲ್ಲಿ ಮೂಗಿನ ಒಳಗಿಂದ ಮಾಡಿದರೆ ಗಾಯದ ಗುರುತಿಲ್ಲ. ನುರಿತ ಕೈಯಲ್ಲಿ ಎರಡೂ ಚೆನ್ನಾಗಿ ಫಲಿಸುತ್ತವೆ. ಬಹಳ ವಯಸ್ಸಾದವರಲ್ಲಿ, ದೊಡ್ಡ ಆಪರೇಷನ್ ತಾಳಲಾರದವರಲ್ಲಿ ಚೀಲವನ್ನೇ ತೆಗೆದುಬಿಡುವುದೂ ಉಂಟು. ಕೀವು ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಇದನ್ನು ಮುಂಚೆಯೇ ಕೇಳಿ ತಿಳಿದುಕೊಳ್ಳಬೇಕು. ಆಮೇಲೆ "ಆಪರೇಷನ್ ಆದ್ರೂ ನೀರು ಬರ್ತಿದೆ" ಅನ್ನುವ ಜಗಳ ಹುಟ್ಟುವುದು ಇಲ್ಲಿಂದಲೇ.

ಆಸ್ಪಿರಿನ್, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು, ಆದರೆ ತಾವಾಗಿ ನಿಲ್ಲಿಸಬಾರದು. ಹೃದಯದ ಡಾಕ್ಟರನ್ನು ಕೇಳಿ ತೀರ್ಮಾನ. ಬಿಪಿ ಏರಿದ್ದರೆ ಅವತ್ತು ಮುಂದೂಡುತ್ತಾರೆ, ಮೂಗಿನ ರಕ್ತ ನಿಲ್ಲುವುದಿಲ್ಲ. ಮುಗಿದ ಮೇಲೆ ಒಂದೆರಡು ದಿನ ಮೂಗಿನಲ್ಲಿ ರಕ್ತ ಬೆರೆತ ನೀರು ಬರುವುದು ಸಹಜ. ತಲೆ ಎತ್ತರಕ್ಕಿಟ್ಟು ಮಲಗಿ, ಬಿಸಿ ಬಿಸಿ ಕಾಫಿ ಸಾರು ಒಂದೆರಡು ದಿನ ಬೇಡ, ಎರಡು ವಾರ ಸಿಂಬಳ ತೆಗೆಯಲು ಮೂಗನ್ನು ಜೋರಾಗಿ ಊದಬೇಡಿ. ಸೀನು ತಡೆಯಲಾರದೆ ಬಂದರೆ ಬಾಯಿ ತೆರೆದು ಸೀನಿ. ರಕ್ತ ಧಾರೆಯಾಗಿ ಬಂದರೆ ಮುಂದಕ್ಕೆ ಬಾಗಿ ಮೂಗಿನ ಮೆತ್ತನೆ ಭಾಗ ಒತ್ತಿ ಹಿಡಿದು ಆಸ್ಪತ್ರೆಗೆ ಬನ್ನಿ.

ಕೆಲವರಿಗೆ ಹೊಸ ದಾರಿ ಮುಚ್ಚದಿರಲೆಂದು ಸಿಲಿಕಾನ್ ದಾರದಂಥ ಕೊಳವೆ ಹಾಕಿರುತ್ತಾರೆ, ಆರು ವಾರದಿಂದ ಮೂರು ತಿಂಗಳವರೆಗೆ ಇರುತ್ತದೆ. ಕಣ್ಣಿನ ಮೂಲೆಯಲ್ಲಿ ಅದರ ಸಣ್ಣ ಕುಣಿಕೆ ಕಾಣುತ್ತದೆ, ಕಸವೆಂದು ಎಳೆಯಬೇಡಿ. ಕಣ್ಣು ಉಜ್ಜಿದಾಗಲೋ ಸೀನಿದಾಗಲೋ ಕುಣಿಕೆ ಉದ್ದವಾಗಿ ಹೊರಗೆ ಬಂದರೆ ಅದನ್ನು ಕತ್ತರಿಸಲೂ ಬೇಡಿ. ಮೂಗಿನ ಮೇಲೆ ಪ್ಲಾಸ್ಟರ್ ಹಾಕಿ ಅಂಟಿಸಿ ಅವತ್ತೇ ಬಂದರೆ ಮತ್ತೆ ಒಳಗೆ ಕೂರಿಸಬಹುದು.